ಭೂಮಿ ತಿರುಗಿದರೆ ಊರು ಹತ್ತಿರವಾಗುವುದೇ?

ಮೈಸೂರಿನ ಕುವೆಂಪುನಗರ, ಸರಸ್ವತೀಪುರಂಗಳ ಮನೆಗಳಲ್ಲಿ ವಿದೇಶದ ಮಕ್ಕಳ ಬಳಿಗೆ ಹೊರಟ ವೃದ್ಧ ದಂಪತಿಗಳು ಚಟ್ನಿಪುಡಿ, ಹಪ್ಪಳಗಳನ್ನು ಪೆಟ್ಟಿಗೆಗೆ ತುಂಬುತ್ತಿರುವಾಗ, ಬೀಳ್ಕೊಡಲು ಬಂದವರಲ್ಲಿ ಒಬ್ಬರಾದರೂ ಆಡುವ ಮಾತೊಂದುಂಟು: “ಪಶ್ಚಿಮಕ್ಕೆ ಹೋಗೋವಾಗ ಬೇಗ ತಲುಪ್ತೀರಿ ಬಿಡಿ, ಭೂಮಿ ಪೂರ್ವಕ್ಕೆ ತಿರುಗ್ತಿರುತ್ತಲ್ಲ, ಊರೇ ಎದುರಿಗೆ ಬರುತ್ತೆ.” ಹೀಗೆನ್ನುವವರು ಬಹುಮಟ್ಟಿಗೆ ಪದವೀಧರರೇ ಆಗಿರುವುದು ನನಗೆ ಸಹಿಸಲಸಾಧ್ಯವಾದ ಸಂಗತಿ.

ವಾಸ್ತವವು ಇದಕ್ಕೆ ತೀರ ವಿರುದ್ಧ. ಬೆಂಗಳೂರಿಗೂ ಲಂಡನ್ನಿಗೂ ಅಂತರ ಸುಮಾರು 8,000 ಕಿಲೋಮೀಟರ್. ಪಶ್ಚಿಮಾಭಿಮುಖವಾಗಿ ಹೋಗುವಾಗಲೇ ಸಾಮಾನ್ಯವಾಗಿ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಂದಿರುಗುವಾಗ ಕಡಿಮೆ.

ಚಾಮುಂಡಿ ಎಕ್ಸ್‌ಪ್ರೆಸ್ ಮಂಡ್ಯವನ್ನು ದಾಟಿ ವೇಗವಾಗಿ ಓಡುತ್ತಿರುವಾಗ ಕಿತ್ತಳೆಹಣ್ಣೊಂದನ್ನು ಮೇಲಕ್ಕೆಸೆದರೆ ಅದು ಹಿಂದಿನ ಬೆಂಚಿನವರ ಮೇಲೆ ಬೀಳದೆ ನಮ್ಮ ಅಂಗೈಗೇ ಮರಳುವುದು, ಏಕೆಂದರೆ ರೈಲಿನ ವೇಗವು ಆ ಹಣ್ಣಿಗೂ ಉಂಟು. ಮೈಸೂರಿನ ಅಕ್ಷಾಂಶದಲ್ಲಿ ಭೂತಲವು ಗಂಟೆಗೆ ಸುಮಾರು 1,630 ಕಿಲೋಮೀಟರ್ ವೇಗದಿಂದ ಪೂರ್ವಕ್ಕೆ ಚಲಿಸುತ್ತದೆ. ವಾಯುಮಂಡಲವೂ, ಅದರಲ್ಲಿ ತೇಲುವ ವಿಮಾನವೂ ಆ ಚಲನೆಯಲ್ಲಿ ಸಹಭಾಗಿಗಳೇ. ಭೂಮಿಯ ಭ್ರಮಣವನ್ನು 499ರಲ್ಲಿಯೇ ಆರ್ಯಭಟನು ಪ್ರತಿಪಾದಿಸಲು, ಹಾಗಿದ್ದರೆ ಹಕ್ಕಿಗಳು ಗೂಡಿಗೆ ಮರಳುವುದೆಂತು ಎಂದು ಮುಂದಿನ ಶತಮಾನದಲ್ಲಿ ವರಾಹಮಿಹಿರನು ಆಕ್ಷೇಪಿಸಿದನು. ಆ ಕಾಲಕ್ಕೆ ಅದು ಗಂಭೀರವಾದ ಪ್ರಶ್ನೆ. ಕುಕ್ಕರಹಳ್ಳಿ ಕೆರೆಯ ಕೊಕ್ಕರೆಯು ಮರವನ್ನು ಬಿಟ್ಟೆದ್ದು ಒಂದು ಗಂಟೆ ಹಾರಾಡಿದ ಮಾತ್ರಕ್ಕೆ ಅರಬ್ಬೀ ಸಮುದ್ರದ ನಡುವೆ ಉಳಿದುಬಿಡದೆ ತನ್ನ ಕೊಂಬೆಗೇ ಬಂದಿಳಿಯುವುದನ್ನು ಪ್ರತಿದಿನ ವಾಯುವಿಹಾರದಲ್ಲಿ ನೋಡುವವರೇ ಇಂದು ಈ ಮಾತನ್ನಾಡುವುದು ವಿಷಾದಕರ.

ಹೋಗುಬರುವ ಕಾಲದಲ್ಲಿ ವ್ಯತ್ಯಾಸವನ್ನುಂಟುಮಾಡುವುದು ಗಾಳಿ. ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಪ್ರವಾಹವು ಒಂದು ದಿಕ್ಕಿಗೆ ತಳ್ಳುತ್ತದೆ, ಮತ್ತೊಂದು ದಿಕ್ಕಿಗೆ ತಡೆಯುತ್ತದೆ.

ಧ್ರುವದ ಮೇಲಿನ ದಾರಿ ಸುತ್ತುದಾರಿಯೆಂಬುದು ಮತ್ತೊಂದು ಭ್ರಮೆ: 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನವು ಉತ್ತರಧ್ರುವದ ಮೇಲಾಗಿ ಬಂದದ್ದು, ಸುಮಾರು 14,000 ಕಿಲೋಮೀಟರುಗಳ ಆ ಅಂತರಕ್ಕೆ ಅತಿ ಹ್ರಸ್ವವಾದ ಮಾರ್ಗವು ಅತ್ತಲೇ ಇರುವುದರಿಂದ. ಗೋಡೆಯ ಭೂಪಟವನ್ನು ಬಿಟ್ಟು ಗೋಲದ ಮೇಲೆ ದಾರವೊಂದನ್ನು ಎಳೆದು ಹಿಡಿದರೆ ಯಾರಿಗೂ ಕಾಣುತ್ತದೆ. 1916ರಿಂದ ವಿಶ್ವವಿದ್ಯಾನಿಲಯವನ್ನು ಹೊಂದಿರುವ ಊರಿನಲ್ಲಿ ಆ ದಾರವನ್ನೆಳೆದು ನೋಡುವ ತಾಳ್ಮೆಯೇ ಕ್ಷೀಣಿಸಿ, ವಾಟ್ಸ್‌ಆ್ಯಪ್‌ನಲ್ಲಿ ಬಂದುದೆಲ್ಲವೂ ಪ್ರಮಾಣವಾಗಿಬಿಟ್ಟಿದೆ.

ಪಶ್ಚಿಮಕ್ಕೆ ಬೇಗ ತಲುಪುವೆವೆಂಬ ನಂಬಿಕೆಗೆ ಪುಷ್ಟಿ ದೊರೆಯುವುದು ಗಡಿಯಾರದಿಂದ. ಚಳಿಗಾಲದಲ್ಲಿ ಮಧ್ಯಾಹ್ನ ಎರಡಕ್ಕೆ ಬೆಂಗಳೂರನ್ನು ಬಿಟ್ಟು ಹದಿನಾರು ಗಂಟೆ ಹಾರಿದವರು ಕ್ಯಾಲಿಫೋರ್ನಿಯಾದಲ್ಲಿ ಅದೇ ದಿನಾಂಕದ ಸಂಜೆ ನಾಲ್ಕೂವರೆಗೆ ಇಳಿಯುತ್ತಾರೆ, ಅಲ್ಲಿಯ ವೇಳೆ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಎರಡೂವರೆ ಗಂಟೆಯಷ್ಟೇ ಕಳೆಯಿತೆಂದು ದೇಹವು ಒಪ್ಪುವುದಿಲ್ಲ. ಸಕ್ಕರೆ ಕಾಯಿಲೆಯವರು ಮಾತ್ರೆ, ಇನ್ಸುಲಿನ್‌ಗಳ ವೇಳೆಯನ್ನು ಕಳೆದ ಗಂಟೆಗಳ ಲೆಕ್ಕದಿಂದಲೇ ವೈದ್ಯರೊಡನೆ ಮುಂಚಿತವಾಗಿ ಗೊತ್ತುಮಾಡಿಕೊಂಡು ಹೊರಡತಕ್ಕದ್ದು.