ಬಾಲ ಸಾಕ್ಷಿಯಲ್ಲ, ಮುದ್ರೆಯೊತ್ತಿದ ಚರ್ಮ ಸಾಕ್ಷಿ

ಹನುಮನಹಳ್ಳಿ, ಆನೆಗೊಂದಿಯ ಕಡೆಯಿಂದ ತುಂಗಭದ್ರೆ ದಾಟಿ ಹಂಪಿಯ ಮಹಾನವಮಿ ದಿಬ್ಬದ ಹತ್ತಿರ ನಿಂತರೆ, ಕಲ್ಲಿನ ಪಟ್ಟಿಕೆಗಳಲ್ಲಿ ಪರದೇಶಿ ವರ್ತಕರು ಕುದುರೆಗಳನ್ನು ಹಿಡಿದು ಸಾಲಾಗಿ ನಡೆಯುವುದು ಕಾಣುತ್ತದೆ. ವಿಠ್ಠಲ ದೇವಾಲಯದ ಹಾದಿಯಲ್ಲಿ ಕುದುರೆಗೊಂಬೆ ಮಂಟಪ ಇಂದಿಗೂ ನಿಂತಿದೆ. ವಿಜಯನಗರದ ಸೈನ್ಯಕ್ಕೆ ಕುದುರೆ ಬೇಕಿತ್ತು. ಒಳ್ಳೆಯ ಕುದುರೆ ಕಡಲಾಚೆಯ ಹೊರ್ಮುಜ್‌ನಿಂದ, ಏಡನ್‌ನಿಂದ ಬರಬೇಕಿತ್ತು. ಆ ವ್ಯಾಪಾರದ ಒಳಹೊರಗನ್ನು ಬಲ್ಲವನು ಪೋರ್ಚುಗೀಸ್ ಕುದುರೆ ವರ್ತಕ ಫೆರ್ನಾವ್ ನೂನಿಜ್. 1530ರ ದಶಕದಲ್ಲಿ ಅವನು ಬರೆದಿಟ್ಟ ವೃತ್ತಾಂತದಲ್ಲಿ ಎರಡು ಸಂಗತಿಗಳಿವೆ. ಒಂದು, ವಿಜಯನಗರದ ಅರಸ ಸಾಳುವ ನರಸಿಂಹನು ಕುದುರೆ ಸತ್ತಿರಲಿ ಬದುಕಿರಲಿ ಸಾವಿರ ಪರ್ದಾವ್ ನಾಣ್ಯಕ್ಕೆ ಮೂರರಂತೆ ಬೆಲೆ ಕೊಡುತ್ತಿದ್ದ, ಕಡಲಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಹಣ ಸಿಗುತ್ತಿತ್ತು ಎಂಬುದು. ಇನ್ನೊಂದು, ಅರಸನು ಸವಾರರಿಗೆ ಕೊಟ್ಟ ಕುದುರೆಗಳಿಗೆಲ್ಲ ರಾಜಮುದ್ರೆ ಒತ್ತಿರುತ್ತಿತ್ತು, ಕುದುರೆ ಸತ್ತರೆ ಆ ಮುದ್ರೆಯಿರುವ ಚರ್ಮದ ತುಂಡನ್ನೇ ಅಶ್ವಶಾಲೆಯ ಮುಖ್ಯಸ್ಥನಿಗೆ ಒಪ್ಪಿಸಿದ ಮೇಲೆ ಬದಲಿ ಕುದುರೆ ದೊರೆಯುತ್ತಿತ್ತು ಎಂಬುದು.

ಈ ಎರಡರ ನಡುವಿನ ವ್ಯತ್ಯಾಸವೇ ಈ ಲೇಖನದ ವಿಷಯ. ಬಾಲ ತೋರಿಸಿದರೆ ಒಂದು ಕುದುರೆ ಸತ್ತಿತು ಎಂಬುದು ಗೊತ್ತಾಗುತ್ತದೆ, ಯಾವ ಕುದುರೆ ಎಂಬುದು ಗೊತ್ತಾಗುವುದಿಲ್ಲ. ಮುದ್ರೆಯೊತ್ತಿದ ಚರ್ಮ, ಸತ್ತದ್ದು ಅರಸನ ಲಾಯದಿಂದ ಹೋದ ಕುದುರೆಯೇ ಎಂದು ಹೇಳುತ್ತದೆ. ಇಂದು ಕುದುರೆ ಕೊಂಡವನ ಕೈಗೆ ಬರುವ ಗುರುತಿನ ದಾಖಲೆಯನ್ನೂ ಇದೇ ಅಳತೆಯಿಂದ ನೋಡಬೇಕೆಂಬುದು ನನ್ನ ವಾದ. ದಾಖಲೆ ಎಷ್ಟು ಅಚ್ಚುಕಟ್ಟಾಗಿದ್ದರೂ, ಎಷ್ಟು ಮೊಹರು ಬಿದ್ದಿದ್ದರೂ, ಎದುರಿಗೆ ನಿಂತ ಕುದುರೆಯ ಮೈ ಅದಕ್ಕೆ ಸಾಕ್ಷಿ ನುಡಿಯದಿದ್ದರೆ ಅದು ಇನ್ನೊಂದು ಕುದುರೆಯ ಬಾಲವಷ್ಟೇ.

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ದನ, ಕುರಿಗಳ ಗುರುತಿನ ವಿಚಾರ ಈಗ ಹೊಸದಲ್ಲ. ಎಮ್ಮೆ, ಆಕಳುಗಳ ಕಿವಿಯಲ್ಲಿ ಹಳದಿ ಓಲೆ, ಅದರ ಮೇಲೆ 12 ಅಂಕಿಗಳ ಸಂಖ್ಯೆ ಎಲ್ಲರ ಕಣ್ಣಿಗೂ ಬಿದ್ದಿದೆ. ಕುದುರೆಯ ಪದ್ಧತಿ ಬೇರೆ. ಅದಕ್ಕೆ ಕಿವಿಯೋಲೆ ಹಾಕುವುದಿಲ್ಲ. ಅಕ್ಕಿಕಾಳಿನಷ್ಟು ದಪ್ಪದ ಮೈಕ್ರೋಚಿಪ್ ಅನ್ನು ದಪ್ಪ ಸೂಜಿಯಿಂದ ಕತ್ತಿನ ಎಡಬದಿಗೆ, ಜೂಲಿನ ಬುಡಕ್ಕೆ ತುಸು ಕೆಳಗೆ ಸೇರಿಸುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ, ಕುದುರೆ ಎಲ್ಲಿದೆ ಎಂದು ಅದು ಹೇಳುವುದೂ ಇಲ್ಲ. ಓದುವ ಯಂತ್ರವನ್ನು ಹತ್ತಿರ ಹಿಡಿದಾಗ ಮಾತ್ರ 15 ಅಂಕಿಗಳು ಪರದೆಯ ಮೇಲೆ ಮೂಡುತ್ತವೆ. ಆ ಅಂಕಿಗಳ ಜೊತೆಗೆ ಒಂದು ಪುಸ್ತಿಕೆ ಇರುತ್ತದೆ. ಅದರಲ್ಲಿ ಕುದುರೆಯ ಬಣ್ಣ, ಲಿಂಗ, ಹುಟ್ಟಿದ ದಿನ, ತಂದೆತಾಯಿ, ಜೊತೆಗೆ ಕುದುರೆಯ ರೇಖಾಚಿತ್ರ. ಆ ಚಿತ್ರದ ಮೇಲೆ ಹಣೆಯ ಚುಕ್ಕೆ, ಕಾಲಿನ ಬಿಳುಪು, ಸುಳಿಗಳನ್ನು ಗುರುತು ಹಾಕಿರುತ್ತಾರೆ. ಜೂಜುಕುದುರೆಗಳ ತಳಿಗೆ ಪುಣೆಯಲ್ಲಿರುವ ಭಾರತೀಯ ಸ್ಟಡ್ ಬುಕ್ ಪ್ರಾಧಿಕಾರ ಈ ದಾಖಲೆಯನ್ನು ಕಾಯುತ್ತದೆ, ವಂಶವನ್ನು ಡಿಎನ್‌ಎ ಪರೀಕ್ಷೆಯಿಂದ ಖಚಿತಪಡಿಸುತ್ತದೆ.

ಈ ದಾಖಲೆಯಲ್ಲಿ ನಮ್ಮವರಿಗೆ ಹೊಸದೆನಿಸಬಾರದ ಒಂದು ಅಂಶವಿದೆ. ಅದು ಸುಳಿ. ಕುದುರೆ ಕೊಳ್ಳುವಾಗ ಸುಳಿ ನೋಡುವ ರೂಢಿ ನಮ್ಮಲ್ಲಿ ಹಳೆಯದು. ಕತ್ತಿನ ದೇವಮಣಿ ಸುಳಿ ಒಳ್ಳೆಯದು, ಕಣ್ಣಿನ ಕೆಳಗಿನ ಸುಳಿ ಕೆಟ್ಟದ್ದು ಎಂದು ಹಿರಿಯರು ಲೆಕ್ಕ ಹಾಕುತ್ತಿದ್ದರು. ಕುದುರೆಗಳ ಬಗೆಗೇ ಅಭಿನವಚಂದ್ರ ಎಂಬ ಕವಿ ಕನ್ನಡದಲ್ಲಿ ಅಶ್ವಶಾಸ್ತ್ರ ಬರೆದ. ಶುಭಾಶುಭದ ಮಾತನ್ನು ನಾನು ಒಪ್ಪುವುದಿಲ್ಲ. ಸುಳಿ ಮನೆ ಹಾಳು ಮಾಡಿದ್ದಿಲ್ಲ. ಆದರೆ ಆ ನೋಡುವ ಕಣ್ಣನ್ನು ಬಿಡಬಾರದು. ಸುಳಿ ಕುದುರೆ ಹುಟ್ಟುವ ಮೊದಲೇ ಮೈಮೇಲೆ ರೂಪುಗೊಳ್ಳುತ್ತದೆ. ಕೂದಲು ಕತ್ತರಿಸಿದರೂ ಮತ್ತೆ ಬೆಳೆದಾಗ ಅಲ್ಲೇ, ಅದೇ ತಿರುವಿನಲ್ಲಿ ಕಾಣಿಸುತ್ತದೆ. ಹಣೆಯ ನಡುವೆ ಕಣ್ಣಿನ ಗೆರೆಗಿಂತ ಎರಡು ಬೆರಳು ಮೇಲೆ ಒಂದು, ಕತ್ತಿನ ಬಲಕ್ಕೆ ಜೂಲಿನ ಕೆಳಗೆ ಗರಿಯಂತೆ ಉದ್ದಕ್ಕೆ ಎಳೆದ ಇನ್ನೊಂದು: ಹೀಗೆ ಕೈಯಾಡಿಸಿ ಹುಡುಕಿ ಬರೆದರೆ, ಒಂದೇ ಬಣ್ಣದ, ಬಿಳಿ ಗುರುತೇ ಇಲ್ಲದ ಎರಡು ಕುದುರೆಗಳನ್ನೂ ಬೇರ್ಪಡಿಸಬಹುದು. ಅದೃಷ್ಟ ನೋಡಲು ಬಳಸಿದ ಕಣ್ಣನ್ನೇ ಗುರುತು ನೋಡಲು ತಿರುಗಿಸಿದರೆ ಸಾಕು, ಅರ್ಧ ಕೆಲಸ ಮುಗಿದಂತೆ.

ಹನುಮನಹಳ್ಳಿಯ ಒಬ್ಬರು ಮೆರವಣಿಗೆಗೆಂದು ಬಿಳಿ ಕುದುರೆ ಕೊಂಡರು ಎಂದಿಟ್ಟುಕೊಳ್ಳೋಣ. ಮನೆಗೆ ತಂದ ಮೇಲೆ ಪುಸ್ತಿಕೆ ಬಿಚ್ಚಿ ನೋಡಿದರೆ ಬಣ್ಣ ಬೂದು ಎಂದಿದೆ. ಲಿಂಗ ಗಂಡು ಎಂದಿದೆ, ಆದರೆ ಕುದುರೆಯ ಬೀಜ ತೆಗೆಸಿದೆ. ವಯಸ್ಸು ಏಳು ಎಂದಿದೆ, ಹಲ್ಲು ನೋಡಿದವರು ಹದಿನೈದಕ್ಕೆ ಕಡಿಮೆ ಇಲ್ಲ ಎನ್ನುತ್ತಾರೆ. ಹಿಂಗಾಲಿನಲ್ಲಿ ಬಿಳುಪು ಎಡಕ್ಕೆ ಎಂದು ಚಿತ್ರದಲ್ಲಿದೆ, ಆದರೆ ಈಗ ಮೈಯೆಲ್ಲ ಬಿಳಿ, ಯಾವ ಕಾಲಿನದೆಂದು ಹೇಳಲಾಗದು. ಈ ನಾಲ್ಕೂ ಒಂದೇ ತೂಕದವಲ್ಲ. ಬೂದು ಕುದುರೆ ಹುಟ್ಟುವಾಗ ಗಾಢ ಬಣ್ಣದ್ದಾಗಿದ್ದು ವರುಷ ಕಳೆದಂತೆ ಬೆಳ್ಳಗಾಗುತ್ತದೆ. ಅದು ದೋಷವಲ್ಲ, ಆ ಬಣ್ಣದ ಸ್ವಭಾವ. ಬೀಜ ತೆಗೆಸಿದ್ದನ್ನು ದಾಖಲೆಗೆ ಸೇರಿಸದೆ ಬಿಟ್ಟದ್ದು ಹಿಂದಿನ ಮಾಲೀಕನ ಅಸಡ್ಡೆ, ತಿದ್ದಿಸಬಹುದು. ಕಾಲಿನ ಬಿಳುಪು ಕಾಣದಿದ್ದರೆ ಕೂದಲು ಒದ್ದೆ ಮಾಡಿ ಬುಡದ ಚರ್ಮ ನೋಡಬೇಕು: ಬಿಳಿ ಗುರುತಿನಡಿ ಚರ್ಮ ಗುಲಾಬಿ, ಉಳಿದೆಡೆ ಕಪ್ಪು. ನಿಜವಾಗಿ ನಿದ್ದೆಗೆಡಿಸಬೇಕಾದ್ದು ವಯಸ್ಸು. ಎರಡೂವರೆ ವರ್ಷದಿಂದ ನಾಲ್ಕೂವರೆಯವರೆಗೆ ಕುದುರೆಯ ಮುಂದಿನ ಹಾಲುಹಲ್ಲು ಜೋಡಿ ಜೋಡಿಯಾಗಿ ಬಿದ್ದು ಶಾಶ್ವತ ಹಲ್ಲು ಬರುತ್ತದೆ, ಐದಕ್ಕೆ ಬಾಯಿ ಕೂಡುತ್ತದೆ. ಆಮೇಲೆ ಹಲ್ಲಿನ ಸವೆತ ನೋಡಿ ಹೇಳುವುದೆಲ್ಲ ಅಂದಾಜು. ಒಂದೆರಡು ವರ್ಷ ಹೆಚ್ಚುಕಡಿಮೆ ಆಗಬಹುದು, ಏಳು ಹದಿನೈದಾಗದು.

ವಯಸ್ಸಿನ ವಿಚಾರದಲ್ಲಿ ಇಂಗ್ಲೆಂಡಿನ 1844ರ ಡರ್ಬಿ ಒಂದು ಪಾಠ. ಮೂರು ವರ್ಷದ ಕುದುರೆಗಳ ಆ ಓಟದಲ್ಲಿ ರನ್ನಿಂಗ್ ರೇನ್ ಎಂಬ ಹೆಸರಿನಲ್ಲಿ ಗೆದ್ದದ್ದು ಮಕಾಬಿಯಸ್ ಎಂಬ ನಾಲ್ಕು ವರ್ಷದ ಕುದುರೆ. ವಿಷಯ ನ್ಯಾಯಾಲಯಕ್ಕೆ ಹೋದಾಗ ಎಷ್ಟೋ ಜನ ಸಾಕ್ಷಿ ನುಡಿದರು, ಕಾಗದಗಳು ಬಂದವು. ನ್ಯಾಯಾಧೀಶರು ಕೇಳಿದ್ದು ಒಂದೇ: ಕುದುರೆಯನ್ನು ತಂದು ಅದರ ಬಾಯಿ ತೋರಿಸಿ. ಕುದುರೆ ಬರಲಿಲ್ಲ. ಗೆಲುವು ಎರಡನೆಯದಾಗಿ ಬಂದ ಒರ್ಲಾಂಡೋಗೆ ಹೋಯಿತು. ಮೋಸವೇ ಆಗಬೇಕೆಂದೂ ಇಲ್ಲ. 2017ರಲ್ಲಿ ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ನಲ್ಲಿ ಎರಡು ವರ್ಷದ ಕುದುರೆಗಳ ಓಟ ಗೆದ್ದದ್ದು ಅದೇ ಲಾಯದ ಮೂರು ವರ್ಷದ ಇನ್ನೊಂದು ಹೆಣ್ಣು ಕುದುರೆ ಎಂಬುದು, ಓಟ ಮುಗಿದ ಮೇಲೆ ಚಿಪ್ ಓದಿದಾಗ ಗೊತ್ತಾಯಿತು. ಲಾಯದಿಂದ ಹೊರಗೆ ತರುವಾಗ ಅದಲುಬದಲಾಗಿತ್ತು, ಅಷ್ಟೇ. ದಿನವೂ ಕುದುರೆಗಳ ಜೊತೆಗೇ ಬದುಕುವವರ ಕಣ್ಣೂ ತಪ್ಪುತ್ತದೆ ಎಂದ ಮೇಲೆ ಸಂತೆಯಲ್ಲಿ ಒಂದು ತಾಸು ನೋಡಿ ಕೊಳ್ಳುವವರ ಪಾಡೇನು?

ಇದೆಲ್ಲ ರೇಸಿನ ಕುದುರೆಗಳಿಗೆ, ಶ್ರೀಮಂತರಿಗೆ, ನಮ್ಮ ಹಳ್ಳಿಯ ಕುದುರೆಗೇಕೆ ಈ ಹಾಳೆಗಳ ಹಂಗು ಎಂದು ಕೇಳುವವರಿದ್ದಾರೆ. ದಲ್ಲಾಳಿ ಟವೆಲಿನಡಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾನೆ, ಸಂಚಕಾರ ಕೊಟ್ಟರೆ ಮಾತು ಮುಗಿಯಿತು, ಮಾತೇ ದಾಖಲೆ ಎಂಬುದು ಅವರ ನಿಲುವು. ಆ ವಿಶ್ವಾಸವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದರ ಮೇಲೆ ತಲೆಮಾರುಗಳು ವ್ಯಾಪಾರ ಮಾಡಿವೆ. ಆದರೆ ದಾಖಲೆ ಶ್ರೀಮಂತರ ಹುಚ್ಚು ಎಂಬುದು ಇತಿಹಾಸಕ್ಕೆ ಹೊಂದದ ಮಾತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನು ಪ್ರತಿ ಕುದುರೆಯ ಕುಲ, ವಯಸ್ಸು, ಬಣ್ಣ, ಚಿಹ್ನೆ, ವರ್ಗ, ಬಂದ ಮೂಲ ಇವೆಲ್ಲವನ್ನೂ ಬರೆಸಬೇಕೆಂಬ ವಿಧಿಯಿದೆ. ದೆಹಲಿಯ ಅಲಾವುದ್ದೀನ್ ಖಿಲ್ಜಿ ಕುದುರೆಗಳಿಗೆ ಮುದ್ರೆ ಹಾಕಿಸುವ ಪದ್ಧತಿ ತಂದದ್ದು, ಸೈನಿಕರು ಒಳ್ಳೆಯ ಕುದುರೆಯನ್ನು ತೋರಿಸಿ ಕೆಟ್ಟದ್ದನ್ನು ಇಟ್ಟುಕೊಳ್ಳುವುದನ್ನು ತಡೆಯಲು. ಪಟ್ಟಿ ಬೇಕಾದದ್ದು ಅದಲುಬದಲಿನ ಭಯಕ್ಕೆ. ಆ ಭಯ ದೊಡ್ಡ ಲಾಯದವನಿಗಿಂತ, ಇರುವುದೊಂದೇ ಕುದುರೆಯ ಮೇಲೆ ಸಾಲ ಮಾಡಿದವನಿಗೆ ಹೆಚ್ಚು.

ಇನ್ನೊಂದು ಕಾರಣ ಇದಕ್ಕಿಂತ ಗಂಭೀರ. ಗ್ಲ್ಯಾಂಡರ್ಸ್ ಎಂಬ ರೋಗ ಕುದುರೆ, ಕತ್ತೆ, ಹೇಸರಗತ್ತೆಗಳಿಗೆ ಬರುತ್ತದೆ, ಮನುಷ್ಯರಿಗೂ ಹರಡಬಲ್ಲದು. ಅದಕ್ಕೆ ಲಸಿಕೆ ಇಲ್ಲ. ರೋಗ ಖಚಿತವಾದ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸುತ್ತಾರೆ, 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯಡಿ ಸಾಗಾಟವನ್ನೂ ನಿರ್ಬಂಧಿಸುತ್ತಾರೆ. ರಕ್ತಪರೀಕ್ಷೆಯಲ್ಲಿ ರೋಗವಿಲ್ಲ ಎಂಬ ಪ್ರಮಾಣಪತ್ರ ಕೈಯಲ್ಲಿದೆ ಎನ್ನಿ. ಆ ಪತ್ರದಲ್ಲಿರುವ ಚಿಪ್ ಸಂಖ್ಯೆ ನಿಮ್ಮ ಕುದುರೆಯದಲ್ಲದಿದ್ದರೆ ರೋಗವಿಲ್ಲದ್ದು ಯಾವ ಕುದುರೆಗೆ? ಬೇರೊಂದಕ್ಕೆ. ನಿಮ್ಮ ಕುದುರೆಯ ಬಗ್ಗೆ ಆ ಹಾಳೆ ಒಂದಕ್ಷರವನ್ನೂ ಹೇಳಿಲ್ಲ. ಹೀಗಿರುವಾಗ ಅಂಕಿಗಳ ಚಿಕ್ಕ ಏರುಪೇರನ್ನು ಗುಮಾಸ್ತನ ತಪ್ಪೆಂದು ತಳ್ಳಿಹಾಕುವುದು ಮನೆಯ ಮಕ್ಕಳ ಆರೋಗ್ಯದ ಜೊತೆ ಆಟವಾಡಿದಂತೆ.

ಚಿಪ್ ಇದ್ದ ಮೇಲೆ ಉಳಿದದ್ದೇಕೆ ಎನ್ನುವವರೂ ಇದ್ದಾರೆ. ಚಿಪ್ ಒಳ್ಳೆಯ ಸಾಧನ, ಆದರೆ ಸಾಲದು. ಕೆಲವು ಚಿಪ್‌ಗಳು ಹಾಕಿದ ಜಾಗದಿಂದ ಸರಿಯುತ್ತವೆ, ಕೆಲವು ಕೆಲಸ ನಿಲ್ಲಿಸುತ್ತವೆ, ಹಳೆಯ ಬಗೆಯ ಚಿಪ್‌ಗಳನ್ನು ಕೆಲವು ಯಂತ್ರಗಳು ಓದಲಾರವು. ಮೊದಲ ಸಲ ಏನೂ ಕಾಣದಿದ್ದರೆ ಚಿಪ್ ಇಲ್ಲವೆಂದು ತೀರ್ಮಾನಿಸಬಾರದು. ಕತ್ತಿನ ಎರಡೂ ಬದಿ, ಹೆಗಲು, ಎದೆಯವರೆಗೆ ಯಂತ್ರವನ್ನು ನಿಧಾನ ಆಡಿಸಬೇಕು. ಎರಡು ಚಿಪ್ ಸಿಕ್ಕರೆ ಎರಡೂ ಸಂಖ್ಯೆಗಳನ್ನು ಬರೆದುಕೊಳ್ಳಬೇಕು. ಚಿಪ್, ಸುಳಿ, ಹಲ್ಲು, ಕಾಲುಗಳ ಒಳಬದಿಯ ಗಟ್ಟಿ ಗಂಟು, ಹಳೆಯ ಗಾಯದ ಕಲೆ: ಒಂದು ಹೇಳಿದ್ದನ್ನು ಇನ್ನೊಂದು ಒಪ್ಪಬೇಕು. 1984ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಫೈನ್ ಕಾಟನ್ ಎಂಬ ಕುದುರೆಯ ಬದಲು ಬೋಲ್ಡ್ ಪರ್ಸನಾಲಿಟಿಯನ್ನು ಓಡಿಸಿದವರು ಕೂದಲಿಗೆ ಬಣ್ಣ ಹಚ್ಚಿ, ಕಾಲಿಗೆ ಬಿಳಿ ಬಣ್ಣ ಬಳಿದಿದ್ದರು. ಓಟ ಮುಗಿದ ಮೇಲೆ ಆ ಬಿಳಿ ಬಣ್ಣ ಇಳಿಯುತ್ತಿದ್ದುದು ಕಣ್ಣಿಗೆ ಬಿತ್ತು. ಬಣ್ಣವನ್ನು ಬಳಿಯಬಹುದು, ಸುಳಿಯನ್ನು ಬಳಿಯಲಾಗದು.

ಇನ್ನೂ ಒಂದು ಆಕ್ಷೇಪವಿದೆ, ಇದು ಮನಸ್ಸಿನದು. ತಪ್ಪು ಹೇಳಿದರೆ ಮಾರಿದವನ ಮುಖ ಕೆಡುತ್ತದೆ, ಹೇಗೂ ಕುದುರೆ ಚೆನ್ನಾಗಿದೆ, ಸುಮ್ಮನಿರೋಣ ಎಂಬ ಸಂಕೋಚ. ಕಾನೂನು ಈ ಸಂಕೋಚಕ್ಕೆ ಕಾಯುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 15ನೇ ಕಲಂ ಪ್ರಕಾರ, ವಿವರಣೆಯ ಮೇಲೆ ಮಾರಿದ ವಸ್ತು ಆ ವಿವರಣೆಗೆ ಹೊಂದಬೇಕು. ಮಾರುವವನಿಗೆ ಮಾರುವ ಹಕ್ಕಿರಬೇಕೆಂದು 14ನೇ ಕಲಂ ಹೇಳುತ್ತದೆ. ಕಳವಿನ ಕುದುರೆ ನಂಬಿ ಕೊಂಡವನಿಗೆ 27ನೇ ಕಲಂ ಸಾಮಾನ್ಯವಾಗಿ ಒಡೆತನ ಕೊಡುವುದಿಲ್ಲ. ಆದರೆ ಅದೇ ಕಾಯ್ದೆಯ 42ನೇ ಕಲಂ ಪ್ರಕಾರ, ತಿರಸ್ಕರಿಸುವ ಮಾತನ್ನು ತಿಳಿಸದೆ ಸಮಂಜಸ ಕಾಲಕ್ಕಿಂತ ಹೆಚ್ಚು ಇಟ್ಟುಕೊಂಡರೆ ವಸ್ತುವನ್ನು ಸ್ವೀಕರಿಸಿದಂತೆಯೇ. ಆಮೇಲೆ ಕುದುರೆ ಹಿಂದಿರುಗಿಸುವ ದಾರಿ ಕಿರಿದಾಗಿ, ನಷ್ಟ ಪರಿಹಾರ ಕೇಳುವುದಷ್ಟೇ ಉಳಿಯಬಹುದು. ತಪ್ಪು ಮಾಡದ ಮಾರಾಟಗಾರನಿಗೂ ಬೇಗ ಹೇಳುವುದೇ ಒಳ್ಳೆಯದು. ಅವನಿಗೆ ಮಾರಿದವನ ಬಳಿಗೆ ಅವನು ಹೋಗಬೇಕಲ್ಲ.

ಹೊಂದದ ದಾಖಲೆ ಕೈಗೆ ಬಂದರೆ ಅದರ ಮೇಲೆ ನೀವೇ ಪೆನ್ನಾಡಿಸಬೇಡಿ. ತಿದ್ದಿದ ಹಾಳೆ ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಪುಸ್ತಿಕೆಯ ಪ್ರತಿ ಪುಟದ, ಕುದುರೆಯ ಎರಡೂ ಬದಿಯ, ಮುಖದ, ನಾಲ್ಕು ಕಾಲಿನ, ಹಲ್ಲಿನ ಫೋಟೊ ದಿನಾಂಕ ಸಮೇತ ತೆಗೆದಿಡಿ. ಹತ್ತಿರದ ಪಶು ಆಸ್ಪತ್ರೆಯ ವೈದ್ಯರಿಂದ ಚಿಪ್ ಓದಿಸಿ, ಕಂಡದ್ದನ್ನು ಕಂಡಂತೆ ಬರೆಸಿಕೊಳ್ಳಿ. ಮಾರಿದವನಿಗೆ ಲಿಖಿತವಾಗಿ ತಿಳಿಸಿ. ದಾಖಲೆ ಕೊಟ್ಟ ಸಂಸ್ಥೆಗೆ ಬರೆಯಿರಿ. ಉತ್ತರ ಬರುವವರೆಗೆ ಆ ಕುದುರೆಯನ್ನು ಬೇರೆ ಕುದುರೆಗಳಿಂದ ದೂರ ಕಟ್ಟಿ, ಇನ್ನೊಬ್ಬರಿಗೆ ಮಾರಬೇಡಿ.