ತುರಿಕೆ ನಿಂತರೆ ರೋಗ ಹೋದಂತಲ್ಲ: ಗಜಕರ್ಣ ಮತ್ತು ಕಜ್ಜಿಯ ಚಿಕಿತ್ಸೆ ಬಗ್ಗೆ ಸಂಶೋಧನೆಗಳು ಏನು ಹೇಳುತ್ತವೆ?

ಸಿದ್ದಾಪುರ ತಾಲ್ಲೂಕಿನ ಹೇರೂರು, ಬಿಳಗಿ, ಶಿರಸಿ ತಾಲ್ಲೂಕಿನ ಸೋಂದಾ, ಯಲ್ಲಾಪುರದ ಕಡೆಯ ಹಳ್ಳಿಗಳು, ಎಲ್ಲಿ ನೋಡಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೇ ಕಷ್ಟ. ಅಡಿಕೆ ತೋಟದಲ್ಲಿ ನೆನೆದು ಬಂದವರು, ಒದ್ದೆ ಸಮವಸ್ತ್ರದಲ್ಲೇ ಶಾಲೆಯಲ್ಲಿ ಕೂರುವ ಮಕ್ಕಳು, ಅರೆ ಒಣಗಿದ ಪಂಚೆ ಉಟ್ಟು ಬಸದಿಯಲ್ಲಿ ಪೂಜೆಗೆ ನಿಲ್ಲುವವರು, ಇವರಲ್ಲಿ ಅನೇಕರಿಗೆ ತೊಡೆಸಂದು, ಸೊಂಟ, ಕಂಕುಳಲ್ಲಿ ಉಂಗುರದ ಆಕಾರದ ಕೆಂಪು ಗುರುತು ಏಳುತ್ತದೆ. ಇದನ್ನೇ ಗಜಕರ್ಣ ಅಥವಾ ಹುಳುಕಡ್ಡಿ ಎನ್ನುತ್ತಾರೆ. ಹೆಸರಿನಲ್ಲಿ ಹುಳು ಇದ್ದರೂ ಇದು ಹುಳುವಿನಿಂದ ಬರುವುದಲ್ಲ. ಚರ್ಮದ ಮೇಲ್ಪದರದಲ್ಲಿ ಬೆಳೆಯುವ ಶಿಲೀಂಧ್ರ, ಅಂದರೆ ಫಂಗಸ್, ಇದಕ್ಕೆ ಕಾರಣ.

ಹೇಳಿಕೊಳ್ಳಲು ನಾಚಿಕೆ ಪಡುವ ಜಾಗದಲ್ಲಿ ಬರುವ ರೋಗವಾದ್ದರಿಂದ ಹೆಚ್ಚಿನವರು ವೈದ್ಯರ ಬಳಿ ಹೋಗುವುದಿಲ್ಲ. ಔಷಧಿ ಅಂಗಡಿಗೆ ಹೋಗಿ ಒಂದು ಟ್ಯೂಬ್ ತರುತ್ತಾರೆ. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ವಾರದಲ್ಲಿ ಕೆಂಪು ಮಾಯವಾಗುತ್ತದೆ. ತಿಂಗಳಲ್ಲಿ ಮೊದಲಿಗಿಂತ ದೊಡ್ಡದಾಗಿ ಮರಳಿ ಬರುತ್ತದೆ. ಆಗ ಮತ್ತೆ ಅದೇ ಟ್ಯೂಬ್. ಹೀಗೆ ವರ್ಷಗಟ್ಟಲೆ ನರಳುವವರಿದ್ದಾರೆ. ಹೀಗೇಕೆ ಆಗುತ್ತದೆ, ನಿಜವಾಗಿ ಗುಣವಾಗುವ ದಾರಿ ಯಾವುದು ಎಂಬುದಕ್ಕೆ ಕಳೆದ ಕೆಲವು ವರ್ಷಗಳ ವೈದ್ಯಕೀಯ ಸಂಶೋಧನೆಗಳು ಸ್ಪಷ್ಟ ಉತ್ತರ ಕೊಟ್ಟಿವೆ.

ಸಂಶೋಧನೆ ಎಂದರೇನು?

"ನಮ್ಮ ಭಾವನವರಿಗೆ ಈ ಮುಲಾಮಿನಿಂದ ಗುಣವಾಯಿತು" ಎಂಬ ಮಾತು ಸುಳ್ಳಾಗಬೇಕಿಲ್ಲ. ಆದರೆ ಅದು ಒಂದೇ ನಯ. ಅನೇಕಾಂತವನ್ನು ಬಲ್ಲ ಸಮಾಜಕ್ಕೆ ಇದನ್ನು ವಿವರಿಸಬೇಕಾಗಿಲ್ಲ. ಮುಲಾಮಿನಿಂದ ಗುಣವಾಯಿತೋ, ಮಳೆ ನಿಂತು ಬಿಸಿಲು ಬಂದದ್ದರಿಂದ ಗುಣವಾಯಿತೋ, ಎರಡು ತಿಂಗಳ ಮೇಲೆ ಮತ್ತೆ ಬಂತೋ ಎಂಬುದು ಒಬ್ಬರ ಅನುಭವದಿಂದ ತಿಳಿಯುವುದಿಲ್ಲ.

ಚಿಕಿತ್ಸಾ ಪ್ರಯೋಗದಲ್ಲಿ ಒಂದೇ ರೋಗವಿರುವ ನೂರಾರು ಜನರನ್ನು ಸೇರಿಸಿ, ಚೀಟಿ ಎತ್ತಿದಂತೆ ಗುಂಪು ಮಾಡುತ್ತಾರೆ. ಯಾರಿಗೆ ಯಾವ ಔಷಧಿ ಎಂಬುದು ವೈದ್ಯರ ಇಷ್ಟದ ಮೇಲೆ ನಿಲ್ಲುವುದಿಲ್ಲ. ಗಜಕರ್ಣವಾದರೆ ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಇದೆಯೇ ಎಂದು ಮೊದಲೂ ಕೊನೆಗೂ ನೋಡುತ್ತಾರೆ. ಕಣ್ಣಿಗೆ ಗುರುತು ಕಾಣದಿದ್ದರೂ ಶಿಲೀಂಧ್ರ ಉಳಿದಿದ್ದರೆ ಅದನ್ನು ಗುಣ ಎಂದು ಲೆಕ್ಕ ಹಿಡಿಯುವುದಿಲ್ಲ. ಔಷಧಿ ನಿಲ್ಲಿಸಿದ ಮೇಲೂ ಕೆಲವು ವಾರ ಕಾದು, ಮರುಕಳಿಸಿತೇ ಎಂದು ಪರೀಕ್ಷಿಸುತ್ತಾರೆ. ಅಂಗಡಿಯ ಟ್ಯೂಬಿಗೂ ಸಂಶೋಧನೆಗೂ ಇರುವ ವ್ಯತ್ಯಾಸ ಇಲ್ಲಿದೆ. ಒಂದು ತುರಿಕೆಯನ್ನು ನೋಡುತ್ತದೆ, ಇನ್ನೊಂದು ರೋಗವನ್ನು ನೋಡುತ್ತದೆ.

ವಾರಾಣಸಿಯ 400 ರೋಗಿಗಳು

ಭಾರತದಲ್ಲಿ ಗಜಕರ್ಣದ ಸ್ವಭಾವವೇ ಬದಲಾಗಿದೆ ಎಂದು ಚರ್ಮವೈದ್ಯರು ಕೆಲ ವರ್ಷಗಳಿಂದ ಹೇಳುತ್ತಿದ್ದರು. ಹಿಂದೆ ಎರಡು ಮೂರು ವಾರದಲ್ಲಿ ಹೋಗುತ್ತಿದ್ದದ್ದು ಈಗ ತಿಂಗಳಾದರೂ ಹೋಗುತ್ತಿರಲಿಲ್ಲ. ವಾರಾಣಸಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವೈದ್ಯರು 400 ರೋಗಿಗಳನ್ನು ತಲಾ 100ರ ನಾಲ್ಕು ಗುಂಪು ಮಾಡಿ, ಬಳಕೆಯಲ್ಲಿದ್ದ ನಾಲ್ಕು ಮಾತ್ರೆಗಳನ್ನು ಹೋಲಿಸಿದರು. ಫಲಿತಾಂಶ 2020ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಪ್ರಕಟವಾಯಿತು.

ನಾಲ್ಕು ವಾರ ಕಳೆದಾಗ ಯಾವ ಗುಂಪಿನಲ್ಲೂ ಶೇ. 8ಕ್ಕಿಂತ ಹೆಚ್ಚು ಜನ ಗುಣವಾಗಿರಲಿಲ್ಲ. ಎಂಟು ವಾರದ ಕೊನೆಗೆ ಇಟ್ರಾಕೊನಜೋಲ್ ತೆಗೆದುಕೊಂಡವರಲ್ಲಿ ಶೇ. 66, ಫ್ಲುಕೊನಜೋಲ್‌ನಲ್ಲಿ ಶೇ. 42, ಟರ್ಬಿನಾಫಿನ್‌ನಲ್ಲಿ ಶೇ. 28, ಗ್ರಿಸಿಯೋಫಲ್ವಿನ್‌ನಲ್ಲಿ ಶೇ. 14 ಜನ ಗುಣವಾಗಿದ್ದರು. ಗುಣವಾದವರಲ್ಲೂ ಕೆಲವರಿಗೆ ಮತ್ತೆ ಬಂತು.

ಈ ಅಂಕಿಗಳಿಂದ ಎರಡು ಪಾಠ. ಒಂದು, ಹಿಂದೆ ರಾಮಬಾಣ ಎನಿಸಿಕೊಂಡಿದ್ದ ಔಷಧಿ ಈಗ ಅಷ್ಟು ಕೆಲಸ ಮಾಡುತ್ತಿಲ್ಲ. ಎರಡು, ಅತ್ಯುತ್ತಮ ಔಷಧಿಯೂ ಹದಿನೈದು ದಿನದಲ್ಲಿ ಈ ರೋಗವನ್ನು ಕೀಳುವುದಿಲ್ಲ. ಹದಿನೈದು ದಿನಕ್ಕೆ ಮಾತ್ರೆ ಬಿಟ್ಟವರಿಗೆ ಮರಳಿ ಬಂದರೆ ಅದು ಹಣೆಬರಹವಲ್ಲ, ಅರ್ಧಕ್ಕೆ ನಿಂತ ಚಿಕಿತ್ಸೆ. ಮಲೆನಾಡಿನ ತೋಟಗಾರರಿಗೆ ಇದು ಹೊಸ ಮಾತಲ್ಲ. ಅಡಿಕೆಗೆ ಮಳೆಗೆ ಮೊದಲು ಒಮ್ಮೆ ಬೋರ್ಡೋ ಹೊಡೆದು, ನಲವತ್ತು ದಿನದ ಮೇಲೆ ಎರಡನೇ ಸಲ ಹೊಡೆಯದೆ ಬಿಟ್ಟರೆ ಕೊಳೆರೋಗ ಬಿಡುವುದಿಲ್ಲ. ಮರಕ್ಕೆ ಕೊಡುವ ಈ ಗಮನವನ್ನು ಮೈಗೂ ಕೊಡಬೇಕು.

ಔಷಧಿ ಸೋಲುವುದಕ್ಕೆ ಒಂದು ಕಾರಣವೂ ಸಿಕ್ಕಿದೆ. ಭಾರತ ಮತ್ತು ನೇಪಾಳದ ರೋಗಿಗಳಲ್ಲಿ ಕಂಡ ಶಿಲೀಂಧ್ರವನ್ನು ಜಪಾನಿನ ಸಂಶೋಧಕರು 2020ರಲ್ಲಿ ಬೇರೆಯೇ ಪ್ರಭೇದವೆಂದು ಗುರುತಿಸಿ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಇದರಲ್ಲಿ ಅನೇಕ ತಳಿಗಳಿಗೆ ಟರ್ಬಿನಾಫಿನ್ ತಾಗುವುದಿಲ್ಲ.

ಟ್ಯೂಬಿನೊಳಗೆ ಇರುವುದೇನು?

ಎರಡು ದಿನದಲ್ಲಿ ತುರಿಕೆ ನಿಲ್ಲಿಸುವ ಮುಲಾಮುಗಳಲ್ಲಿ ಹೆಚ್ಚಿನವು ಮೂರು ನಾಲ್ಕು ಔಷಧಿಗಳ ಮಿಶ್ರಣ. ಅವುಗಳಲ್ಲಿ ಒಂದು ಸ್ಟೀರಾಯ್ಡ್. ಟ್ಯೂಬಿನ ಮೇಲೆ ಕ್ಲೊಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್ ಎಂದು ತಿಳಿಯಬೇಕು. ಇಸಬು, ಸೋರಿಯಾಸಿಸ್‌ನಂಥ ರೋಗಗಳಿಗೆ ವೈದ್ಯರೇ ಇದನ್ನು ಬರೆದುಕೊಡುತ್ತಾರೆ, ಅಲ್ಲಿ ಅದು ಒಳ್ಳೆಯ ಔಷಧಿ. ಆದರೆ ಗಜಕರ್ಣಕ್ಕೆ ಹಚ್ಚಿದಾಗ ಅದು ಆ ಜಾಗದಲ್ಲಿ ಮೈಯ ರೋಗನಿರೋಧಕ ಶಕ್ತಿಯನ್ನು ಅಡಗಿಸುತ್ತದೆ. ಕೆಂಪು, ತುರಿಕೆ ಎರಡೂ ಆ ಶಕ್ತಿಯ ಹೋರಾಟದ ಗುರುತು. ಹೋರಾಟ ನಿಂತಾಗ ತುರಿಕೆ ನಿಲ್ಲುತ್ತದೆ, ಶಿಲೀಂಧ್ರ ನಿರಾತಂಕವಾಗಿ ಹರಡುತ್ತದೆ. ಕಳ್ಳ ಒಳಗಿರುವಾಗಲೇ ಕಾವಲು ನಾಯಿಯ ಬಾಯಿ ಕಟ್ಟಿದಂತೆ.

ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿಯ ಚರ್ಮ ತೆಳ್ಳಗಾಗಿ, ಬಸುರಿಯರ ಹೊಟ್ಟೆಯ ಮೇಲೆ ಬರುವಂಥ ಗೆರೆಗಳು ಬೀಳುತ್ತವೆ. ಈ ಗೆರೆಗಳು ಪೂರ್ತಿ ಹೋಗುವುದಿಲ್ಲ. ಬೆಳ್ಳಗಾಗಲೆಂದು ಮುಖಕ್ಕೆ ಹಚ್ಚಿಕೊಂಡ ಹೆಣ್ಣುಮಕ್ಕಳಿಗೆ ಮುಖ ಕೆಂಪಾಗುವುದು, ಮೊಡವೆ, ಕೂದಲು ಬೆಳೆಯುವುದು ಇದೆ. ಚರ್ಮವೈದ್ಯರ ಸಂಘದ ಒತ್ತಾಯದ ಬಳಿಕ ಕೇಂದ್ರ ಸರ್ಕಾರ 2018ರಲ್ಲಿ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಷೆಡ್ಯೂಲ್ ಎಚ್ ಪಟ್ಟಿಗೆ ಬಿಗಿಯಾಗಿ ಸೇರಿಸಿತು. ನಿಯಮ ಬಂದಿದೆ. ಕೇಳಿ ಕೊಳ್ಳುವವರೂ, ಕೇಳಿದವರಿಗೆಲ್ಲ ಕೊಡುವವರೂ ಅದನ್ನು ಪಾಲಿಸಬೇಕು. ನಮ್ಮ ಸಮಾಜದಲ್ಲಿ ಔಷಧಿ ವ್ಯಾಪಾರದಲ್ಲಿರುವವರು ಅನೇಕರಿದ್ದಾರೆ. ಅಚೌರ್ಯ, ಸತ್ಯ ಎಂಬ ಅಣುವ್ರತಗಳು ಗಲ್ಲಾಪೆಟ್ಟಿಗೆಯ ಮುಂದೆಯೂ ಅನ್ವಯಿಸುತ್ತವೆ.

ಕಜ್ಜಿ: ಇಡೀ ಮನೆಗೆ ಚಿಕಿತ್ಸೆ

ಕಜ್ಜಿಯ ವಿಷಯ ಸ್ವಲ್ಪ ಬೇರೆ. ಬೆರಳ ಸಂದು, ಮಣಿಕಟ್ಟು, ಹೊಕ್ಕಳ ಸುತ್ತ ರಾತ್ರಿ ಹೊತ್ತು ವಿಪರೀತ ತುರಿಕೆ, ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಬರುವುದು ಇದರ ಲಕ್ಷಣ. ಕಣ್ಣಿಗೆ ಸುಲಭವಾಗಿ ಕಾಣದ ಸಣ್ಣ ನುಸಿ ಚರ್ಮದಲ್ಲಿ ಬಿಲ ಕೊರೆಯುವುದರಿಂದ ಹೀಗಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಕಜ್ಜಿಯನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು.

ಇದರ ಬಗ್ಗೆ ಹೆಸರುವಾಸಿಯಾದ ಸಂಶೋಧನೆ ನಡೆದದ್ದು ಫಿಜಿ ದ್ವೀಪಗಳಲ್ಲಿ, ಪ್ರಕಟವಾದದ್ದು 2015ರಲ್ಲಿ. ಒಂದು ಕಡೆ ಕಜ್ಜಿ ಇದ್ದವರಿಗೆ ಮತ್ತು ಅವರ ಸಂಪರ್ಕದವರಿಗೆ ಮಾತ್ರ ಎಂದಿನಂತೆ ಮುಲಾಮು ಕೊಟ್ಟರು. ಇನ್ನೊಂದು ಕಡೆ ಊರಿನ ಎಲ್ಲರಿಗೂ ಪರ್ಮೆಥ್ರಿನ್ ಮುಲಾಮು, ಮತ್ತೊಂದು ಕಡೆ ಎಲ್ಲರಿಗೂ ಐವರ್ಮೆಕ್ಟಿನ್ ಮಾತ್ರೆ ಕೊಟ್ಟರು. ಒಂದು ವರ್ಷದ ನಂತರ ಮೊದಲ ಕಡೆ ಕಜ್ಜಿ ಶೇ. 36.6ರಿಂದ 18.8ಕ್ಕೆ, ಎರಡನೆಯ ಕಡೆ ಶೇ. 41.7ರಿಂದ 15.8ಕ್ಕೆ, ಮೂರನೆಯ ಕಡೆ ಶೇ. 32.1ರಿಂದ 1.9ಕ್ಕೆ ಇಳಿದಿತ್ತು. ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆದರೆ ಎಂಥ ಫಲ ಸಿಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಮನೆಯ ಮಟ್ಟದಲ್ಲಿ ಇದರ ಅರ್ಥ ಇಷ್ಟೆ. ತುರಿಕೆ ಇರಲಿ, ಇಲ್ಲದಿರಲಿ, ಮನೆಯವರೆಲ್ಲ ಒಂದೇ ರಾತ್ರಿ ವೈದ್ಯರು ಕೊಟ್ಟ ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ, ಬೆಳಿಗ್ಗೆ ಸ್ನಾನ ಮಾಡಬೇಕು. ವಾರದ ನಂತರ ವೈದ್ಯರು ಹೇಳಿದಂತೆ ಇನ್ನೊಮ್ಮೆ ಹಚ್ಚಬೇಕು. ಕೂಸುಗಳಿಗೂ ಬಸುರಿಯರಿಗೂ ವೈದ್ಯರನ್ನು ಕೇಳದೆ ಏನನ್ನೂ ಕೊಡಬಾರದು. ಇಲ್ಲಿ ಗಜಕರ್ಣಕ್ಕೆ ತದ್ವಿರುದ್ಧವಾದ ಸಂಗತಿಯೊಂದಿದೆ. ಕಜ್ಜಿ ಗುಣವಾದ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯಬಹುದು. ಅದಕ್ಕೆ ಹೆದರಿ ದಿನವೂ ಮುಲಾಮು ಬಳಿದುಕೊಳ್ಳಬಾರದು. ಎರಡೂ ರೋಗಗಳಲ್ಲಿ ತುರಿಕೆಯೊಂದೇ ಅಳತೆಗೋಲಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ವ್ರತ, ನಿಯಮ ಮತ್ತು ಔಷಧಿ

ಜೈನ ಕುಟುಂಬಗಳಲ್ಲಿ ಚಿಕಿತ್ಸೆ ಅರ್ಧಕ್ಕೆ ನಿಲ್ಲಲು ಬೇರೆ ಕಾರಣಗಳೂ ಇವೆ. ಅವನ್ನು ವೈದ್ಯರಲ್ಲಿ ಮುಚ್ಚಿಡದೆ ಹೇಳಿದರೆ ಹೆಚ್ಚಿನವಕ್ಕೆ ದಾರಿಯಿದೆ.

ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ಊಟದ ಜೊತೆ ತೆಗೆದುಕೊಂಡರೆ ಮಾತ್ರ ಮೈಗೆ ಚೆನ್ನಾಗಿ ಹತ್ತುತ್ತದೆ. ರಾತ್ರಿಭೋಜನ ತ್ಯಾಗ ಇರುವವರು ಸೂರ್ಯಾಸ್ತಕ್ಕೆ ಮೊದಲಿನ ಊಟದೊಂದಿಗೆ ತೆಗೆದುಕೊಳ್ಳಬಹುದೇ ಎಂದು ಕೇಳಬೇಕು. ಭಾದ್ರಪದದ ದಶಲಕ್ಷಣ ಪರ್ವ ಬರುವುದು ಮಳೆಗಾಲದಲ್ಲಿ, ಈ ರೋಗ ಜೋರಾಗಿರುವ ಕಾಲದಲ್ಲಿ. ಉಪವಾಸ, ಏಕಾಶನ ಮಾಡುವವರು ಮೊದಲೇ ತಿಳಿಸಿದರೆ ವೈದ್ಯರು ದಿನಗಳನ್ನು ಹೊಂದಿಸಿ ಕೊಡುತ್ತಾರೆ. ಹೃದಯ ಅಥವಾ ಯಕೃತ್ತಿನ ತೊಂದರೆ ಇರುವವರು, ಕೊಲೆಸ್ಟರಾಲ್ ಅಥವಾ ಆಸಿಡಿಟಿಗೆ ಮಾತ್ರೆ ತೆಗೆದುಕೊಳ್ಳುವವರು ಅದನ್ನೂ ಹೇಳಲೇಬೇಕು.

ಕ್ಯಾಪ್ಸೂಲಿನ ಹೊರಕವಚ ಸಾಮಾನ್ಯವಾಗಿ ಜೆಲಾಟಿನ್‌ನದು, ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬಂದದ್ದು. ಬೇಡ ಎನ್ನುವವರು ಸಸ್ಯಮೂಲದ ಕವಚದ್ದು ಅಥವಾ ಬೇರೆ ರೂಪದ್ದು ಸಿಗುತ್ತದೆಯೇ ಎಂದು ಕೇಳಲಿ. ತಾವಾಗಿಯೇ ಕವಚ ಬಿಚ್ಚಿ ಪುಡಿ ಸೇವಿಸುವುದು, ಹೇಳದೆ ಔಷಧಿ ಬಿಡುವುದು ಸರಿಯಲ್ಲ.

ಕಜ್ಜಿಯ ನುಸಿ ತ್ರಸ ಜೀವಿಯಲ್ಲವೇ, ಅದನ್ನು ಕೊಲ್ಲುವುದು ಹಿಂಸೆಯಲ್ಲವೇ ಎಂಬ ಪ್ರಶ್ನೆ ಹಿರಿಯರಲ್ಲಿದೆ. ವ್ರತಿಕರು ಇದನ್ನು ತಮ್ಮ ಗುರುಗಳಲ್ಲಿ ಕೇಳುವುದು ಯುಕ್ತ. ಆದರೆ ಒಂದು ಲೆಕ್ಕ ನೆನಪಿರಲಿ. ಸಾಮಾನ್ಯವಾಗಿ ಕಜ್ಜಿ ಇರುವವರ ಮೈಯಲ್ಲಿ ಹತ್ತು ಹದಿನೈದು ನುಸಿಗಳಿರುತ್ತವೆ. ತಡ ಮಾಡಿದಷ್ಟೂ ಅದು ಮನೆಯವರಿಗೆ, ನೆರೆಯವರಿಗೆ ಹರಡುತ್ತದೆ. ಹರಡದಂತೆ ಎಚ್ಚರ ವಹಿಸುವುದು, ಬಂದರೆ ಬೇಗ ಮುಗಿಸುವುದು, ಇದರಲ್ಲಿಯೇ ಹಿಂಸೆ ಕಡಿಮೆ.

ಪರಂಪರೆಯ ಔಷಧಿಗೂ ಪರೀಕ್ಷೆ ಬೇಕು

ಔಷಧಿಯ ಶುದ್ಧಿಯ ಬಗ್ಗೆ ಜೈನಾಚಾರ್ಯರೂ ಯೋಚಿಸಿದ್ದರು. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರ 'ಕಲ್ಯಾಣಕಾರಕ' ಮದ್ಯ, ಮಾಂಸ, ಮಧು ಬಿಟ್ಟ ವೈದ್ಯವನ್ನು ಹೇಳುವ ಸಂಸ್ಕೃತ ಗ್ರಂಥ. ಜಗದ್ದಳ ಸೋಮನಾಥನು ಪೂಜ್ಯಪಾದರ 'ಕಲ್ಯಾಣಕಾರಕ'ವನ್ನು ಕನ್ನಡಕ್ಕೆ ತಂದನು. ಆಯುರ್ವೇದದಲ್ಲಿ ದದ್ರು, ಪಾಮಾ ಎಂದು ಕರೆದಿರುವುದು ಇಂಥ ಚರ್ಮರೋಗಗಳನ್ನೇ.

ಆ ಜ್ಞಾನವನ್ನು ಇಂದಿನ ರೀತಿಯಲ್ಲಿ ಪರೀಕ್ಷೆಗೆ ಒಡ್ಡಿದ ಸಂಸ್ಥೆ ಕನ್ನಡಿಗರ ನೆಲವಾದ ಕಾಸರಗೋಡಿನಲ್ಲೇ ಇದೆ. ಡಾ. ಎಸ್. ಆರ್. ನರಹರಿ ಅವರ ನೇತೃತ್ವದಲ್ಲಿ 1999ರಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಅಲೋಪತಿ ಮತ್ತು ಆಯುರ್ವೇದದ ವೈದ್ಯರು ಒಂದೇ ರೋಗಿಯನ್ನು ಒಟ್ಟಿಗೆ ನೋಡುತ್ತಾರೆ. ಆಕ್ಸ್‌ಫರ್ಡಿನ ಪ್ರೊ. ಟೆರೆನ್ಸ್ ರಯಾನ್ ಇದರ ಜೊತೆ ಕೆಲಸ ಮಾಡಿದವರು. ಆನೆಕಾಲು ರೋಗದ ಊತಕ್ಕೆ ಇವರು ರೂಪಿಸಿದ ವಿಧಾನದಲ್ಲಿ ಸೋಪಿನಿಂದ ತೊಳೆದು ಒರೆಸುವುದು, ಗಿಡಮೂಲಿಕೆಯ ನೀರಿನಲ್ಲಿ ಕಾಲು ಇಡುವುದು, ಯೋಗ, ಉಸಿರಾಟ, ತೀಡುವುದು, ಬ್ಯಾಂಡೇಜ್ ಸುತ್ತುವುದು ಸೇರಿವೆ. ಬೆರಳ ಸಂದಿನ ಗಾಯ, ಫಂಗಸ್‌ಗೆ ಅಲೋಪತಿ ಔಷಧಿ. ಕೇರಳದ ಆಲಪ್ಪುಳ ಮತ್ತು ನಮ್ಮ ಕಲಬುರಗಿ ಜಿಲ್ಲೆಗಳಲ್ಲಿ ಹಳ್ಳಿಯ ಜನರಿಗೆ ಇದನ್ನು ಕಲಿಸಿ, ಅಳತೆ ಇಟ್ಟು, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ಹಳೆಯದು ಎಂಬ ಕಾರಣಕ್ಕೆ ನಂಬಲೂ ಇಲ್ಲ, ಬಿಡಲೂ ಇಲ್ಲ, ಅಳೆದು ನೋಡಿದರು. ಮನೆಮದ್ದು ಮಾಡುವವರಿಗೆ ಇದೇ ಮಾದರಿ. ಹಸಿ ಬೆಳ್ಳುಳ್ಳಿ ಅರೆದು ಕಟ್ಟಿ ಚರ್ಮ ಸುಟ್ಟುಕೊಂಡ ಮೇಲೆ ವೈದ್ಯರ ಬಳಿ ಹೋಗುವಂತಾಗಬಾರದು.

ಮನೆಯವರು ಮಾಡಬೇಕಾದ್ದು

1. ಉಂಗುರದ ಗುರುತು ಕಂಡ ಕೂಡಲೇ ಚರ್ಮವೈದ್ಯರನ್ನು ಕಾಣಿ. ಹುಬ್ಬಳ್ಳಿ, ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ, ಧಾರವಾಡದ ಎಸ್‌ಡಿಎಂ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗಗಳಿವೆ. ಹಚ್ಚಿದ ಟ್ಯೂಬ್ ಇದ್ದರೆ ಜೊತೆಗೆ ಒಯ್ಯಿರಿ.

2. ವೈದ್ಯರು ಹೇಳಿದಷ್ಟು ವಾರ ಔಷಧಿ ಮುಗಿಸಿ. ಗುರುತಿನ ಮೇಲಷ್ಟೇ ಅಲ್ಲ, ಸುತ್ತ ಎರಡು ಬೆರಳಗಲ ಮುಲಾಮು ಹಚ್ಚಿ.

3. ಮನೆಯಲ್ಲಿ ಇನ್ನಾರಿಗೆ ಇದೆ ನೋಡಿ, ಅವರಿಗೂ ಒಟ್ಟಿಗೇ ಚಿಕಿತ್ಸೆ ಮಾಡಿಸಿ. ಟವೆಲ್, ಪಂಚೆ, ಹಾಸಿಗೆ ಬೇರೆ ಬೇರೆ ಇರಲಿ.

4. ಸ್ನಾನದ ಮೇಲೆ ಸಂದುಗಳನ್ನು ಒರೆಸಿ ಒಣಗಿಸಿ. ಬಿಸಿಲಿಲ್ಲದ ದಿನ ಬಟ್ಟೆಯನ್ನು ಒಲೆಯ ಶಾಖದಲ್ಲಾದರೂ ಒಣಗಿಸಿ, ಇಸ್ತ್ರಿ ಹಾಕಿ ಉಡಿ. ಪೂಜೆಯ ಮಡಿ ಬಟ್ಟೆಗೂ ಇದೇ ನಿಯಮ.

5. ಆಸ್ಪತ್ರೆಯಲ್ಲಿ ಸಂಶೋಧನೆಗೆ ಸೇರುತ್ತೀರಾ ಎಂದು ಕೇಳಿದರೆ ಹೆದರಬೇಡಿ, ವಿಚಾರಿಸದೆ ಸಹಿಯನ್ನೂ ಹಾಕಬೇಡಿ. ನೀತಿ ಸಮಿತಿಯ ಒಪ್ಪಿಗೆ ಇದೆಯೇ, ದೇಶದ ಚಿಕಿತ್ಸಾ ಪ್ರಯೋಗಗಳ ನೋಂದಣಿಯಲ್ಲಿ ದಾಖಲಾಗಿದೆಯೇ ಎಂದು ಕೇಳಿ. ಈ ನೋಂದಣಿ 2009ರಿಂದ ಕಡ್ಡಾಯ. ಒಪ್ಪಿಗೆ ಪತ್ರ ಕನ್ನಡದಲ್ಲಿ ಓದಿಸಿಕೊಳ್ಳಿ. ಯಾವಾಗ ಬೇಕಾದರೂ ಹೊರಬರುವ ಹಕ್ಕು ರೋಗಿಗಿದೆ.

ವಾರಾಣಸಿಯ 400 ಜನ, ಫಿಜಿಯ ದ್ವೀಪವಾಸಿಗಳು, ಕಲಬುರಗಿಯ ಹಳ್ಳಿಗರು ತಮ್ಮ ಮೈಯ ನೋವನ್ನೇ ಲೆಕ್ಕಕ್ಕೆ ಕೊಟ್ಟದ್ದರಿಂದ ಈ ತಿಳಿವಳಿಕೆ ದೊರೆತಿದೆ. ದಾನಗಳಲ್ಲಿ ಔಷಧದಾನ ಒಂದು. ಸರಿಯಾದ ಮಾಹಿತಿಯನ್ನು ನಾಚಿಕೆಯಿಂದ ಮುಚ್ಚಿಟ್ಟುಕೊಂಡ ನೆರೆಮನೆಯವರಿಗೆ ತಲುಪಿಸುವುದೂ ಅದರ ಭಾಗವೇ ಆಗಿದೆ.