ಕಾರಿನೊಳಗೆ ಎಂಟು ಸಾವಿರ ಹಾಡು: ಕಣ್ಣು, ಕಿವಿಗಳ ಕಡೆಗೂ ಗಮನವಿರಲಿ

ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ದಿನವೂ ಕಾರಿನಲ್ಲಿ ಓಡಾಡುವವರು ಬಹಳ. ಕೆಲವರಿಗೆ ಕಚೇರಿ, ಕೆಲವರಿಗೆ ಅಂಗಡಿ, ಕೆಲವರಿಗೆ ಮಕ್ಕಳ ಕಾಲೇಜು. ಸುಮಾರು 20 ಕಿಲೋಮೀಟರ್, ಹೆಚ್ಚುಕಡಿಮೆ ಅರ್ಧ ಗಂಟೆಯ ದಾರಿ. ಈ ಅರ್ಧ ಗಂಟೆಯನ್ನು ಹಾಡಿಲ್ಲದೆ ಕಳೆಯುವವರು ಕಡಿಮೆ. ಹಾಡು ಕೇಳುವುದರಿಂದ ಮನಸ್ಸು ಹಗುರಾಗುತ್ತದೆ, ದಿನದ ದಣಿವು ಕಳೆಯುತ್ತದೆ. ಅದು ಬೇಡವೆಂದು ಯಾವ ವೈದ್ಯನೂ ಹೇಳಲಾರ. ಆದರೆ ಹಾಡು ಕೇಳುವುದು ಬೇರೆ, ಗಾಡಿ ಓಡಿಸುತ್ತಾ ಹಾಡು ಹುಡುಕುವುದು ಬೇರೆ. ಈ ವಾರ ಆ ವ್ಯತ್ಯಾಸವನ್ನು ನೋಡೋಣ.

ಕ್ಯಾಸೆಟ್ಟಿನ ಕಾಲದಲ್ಲಿ ಈ ಸಮಸ್ಯೆ ಇಷ್ಟಿರಲಿಲ್ಲ. 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಆರೇಳು ಹಾಡು. ಹೊರಡುವಾಗ ಒಮ್ಮೆ ಹಾಕಿದರೆ ಇನ್ನೊಂದು ಊರು ಬರುವವರೆಗೆ ಕೈ ಹಾಕಬೇಕಾಗಿರಲಿಲ್ಲ. ರೇಡಿಯೋ ಹಾಕಿಕೊಂಡವರು ಭದ್ರಾವತಿ ಆಕಾಶವಾಣಿ ಕೇಳಿಸಿದ್ದನ್ನು ಕೇಳುತ್ತಿದ್ದರು. ಈಗ ಹೆಬ್ಬೆರಳಿನಷ್ಟಿರುವ 32 ಜಿಬಿ ಪೆನ್‌ಡ್ರೈವ್‌ನಲ್ಲಿ, ಹಾಡೊಂದಕ್ಕೆ ನಾಲ್ಕು ಎಂಬಿ ಎಂದು ಲೆಕ್ಕ ಹಾಕಿದರೆ, ಎಂಟು ಸಾವಿರ ಹಾಡು ಹಿಡಿಸುತ್ತವೆ. ಹೋಗಿ ಬರುವ ಒಂದು ಗಂಟೆಯಲ್ಲಿ ದಿನಕ್ಕೆ 15 ಹಾಡಿನಂತೆ ಕೇಳಿದರೂ ಮುಗಿಯಲು ಒಂದೂವರೆ ವರ್ಷ ಬೇಕು! ಹಾಡು ಹೆಚ್ಚಾದಷ್ಟೂ ಆಯ್ಕೆಯ ಆಸೆ ಹೆಚ್ಚು. "ಇದಲ್ಲ, ಮುಂದಿನದು" ಎಂದು ಬೆರಳು ಪರದೆಯ ಕಡೆಗೇ ಹೋಗುತ್ತದೆ.

ಎರಡು ಸೆಕೆಂಡಿನ ಬೆಲೆ

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಐದು ಸೆಕೆಂಡು ಪರದೆ ನೋಡಿದರೆ 83 ಮೀಟರ್ ದೂರವನ್ನು ನೀವು ಕಣ್ಣು ಮುಚ್ಚಿಕೊಂಡೇ ಕ್ರಮಿಸಿದಂತೆ. ಮಾಚೇನಹಳ್ಳಿ, ನಿದಿಗೆ, ಮಲವಗೊಪ್ಪಗಳಲ್ಲಿ ಇಷ್ಟು ದೂರದೊಳಗೆ ಒಂದು ಬಸ್ಸು ನಿಲ್ಲಬಹುದು, ಒಂದು ಸ್ಕೂಟರ್ ತಿರುಗಬಹುದು, ಒಂದು ಮಗು ರಸ್ತೆ ದಾಟಬಹುದು.

ರಸ್ತೆಯಿಂದ ದೃಷ್ಟಿ ಎರಡು ಸೆಕೆಂಡಿಗಿಂತ ಹೆಚ್ಚು ಕಾಲ ಸರಿದರೆ ಅಪಘಾತದ ಸಂಭವ ದುಪ್ಪಟ್ಟಾಗುತ್ತದೆ ಎಂದು ಅಮೆರಿಕದಲ್ಲಿ ನೂರು ಕಾರುಗಳಿಗೆ ಕ್ಯಾಮೆರಾ ಅಳವಡಿಸಿ ನಡೆಸಿದ ಅಧ್ಯಯನ 2006ರಲ್ಲಿ ತಿಳಿಸಿತು. 2013ರಲ್ಲಿ ಅಲ್ಲಿನ ಸರ್ಕಾರ ಕಾರು ತಯಾರಕರಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಒಂದು ನೋಟಕ್ಕೆ ಎರಡು ಸೆಕೆಂಡು, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡು ಎಂಬ ಮಿತಿ ಇದೆ. ಸಾವಿರಾರು ಹೆಸರುಗಳ ಪಟ್ಟಿಯಲ್ಲಿ ಒಂದು ಹಾಡು ಹುಡುಕಲು ಎಷ್ಟು ಹೊತ್ತು ಬೇಕೆಂದು ಗಾಡಿ ನಿಲ್ಲಿಸಿದಾಗ ಒಮ್ಮೆ ಗಡಿಯಾರ ಹಿಡಿದು ನೋಡಿ. ಇದರ ಮೇಲೆ ಅನೇಕ ಸೆಟ್‌ಗಳಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲ, ಬರೀ ಚೌಕಗಳು ಕಾಣುತ್ತವೆ. "ಟ್ರ್ಯಾಕ್ 07" ಎಂದರೆ ಯಾವ ಹಾಡು ಎಂದು ಯಾರಿಗೆ ಗೊತ್ತು? ಹೀಗೆ ಹುಡುಕಾಟ ಇನ್ನಷ್ಟು ಉದ್ದವಾಗುತ್ತದೆ. ಕಣ್ಣು ರಸ್ತೆಗೆ ಮರಳಿದ ಮೇಲೂ ಮನಸ್ಸು ಸ್ವಲ್ಪ ಹೊತ್ತು ಆ ಪಟ್ಟಿಯಲ್ಲೇ ಇರುತ್ತದೆ.

ಮೊಬೈಲ್‌ನಿಂದ ಹಾಡು ಹಾಕುವವರಿಗೆ ಇನ್ನೊಂದು ಮಾತು. ಗಾಡಿ ಓಡಿಸುವಾಗ ಫೋನನ್ನು ಕೈಯಲ್ಲಿ ಹಿಡಿದು ಬಳಸುವುದು 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಂತೆ ಅಪಾಯಕಾರಿ ಚಾಲನೆ ಎನಿಸಿಕೊಳ್ಳುತ್ತದೆ.

ಕಿವಿಗೂ ಒಂದು ಲೆಕ್ಕವಿದೆ

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತಹ ಒಂದು ಭಾಗವಿದೆ. ಅದರೊಳಗೆ ಶಬ್ದವನ್ನು ಗ್ರಹಿಸುವ, ಕೂದಲಿನಂತಹ ಎಳೆಗಳುಳ್ಳ ಸುಮಾರು 15 ಸಾವಿರ ಸೂಕ್ಷ್ಮ ಜೀವಕೋಶಗಳಿವೆ. ದೊಡ್ಡ ಸದ್ದಿಗೆ ಇವು ಬಳಲುತ್ತವೆ. ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತವೆ. ಪದೇ ಪದೇ ಬಳಲಿದರೆ ಸಾಯುತ್ತವೆ. ಒಮ್ಮೆ ಸತ್ತವು ಮತ್ತೆ ಹುಟ್ಟುವುದಿಲ್ಲ. ಇದಕ್ಕೆ ಮಾತ್ರೆಯೂ ಇಲ್ಲ, ಶಸ್ತ್ರಚಿಕಿತ್ಸೆಯೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ವಾರಕ್ಕೆ 40 ಗಂಟೆ ಕಾಲ 80 ಡೆಸಿಬೆಲ್‌ವರೆಗಿನ ಶಬ್ದವನ್ನು ಕೇಳಬಹುದು. ಪ್ರತಿ ಮೂರು ಡೆಸಿಬೆಲ್ ಏರಿದಾಗ ಈ ಅವಧಿ ಅರ್ಧವಾಗುತ್ತದೆ. ಸದ್ದು 90 ಡೆಸಿಬೆಲ್ ಇದ್ದರೆ ವಾರಕ್ಕೆ ನಾಲ್ಕು ಗಂಟೆ ಮಾತ್ರ. ಅಡುಗೆಮನೆಯ ಮಿಕ್ಸಿ ತಿರುಗುವಾಗ ಪಕ್ಕದಲ್ಲಿ ನಿಂತರೆ ಸುಮಾರು ಇಷ್ಟೇ ಸದ್ದಿರುತ್ತದೆ. ದಿನಕ್ಕೆ ಒಂದು ಗಂಟೆಯಂತೆ ಓಡಾಡುವವರಿಗೆ ಸೋಮವಾರ ಆರಂಭವಾದ ಪಾಲು ಗುರುವಾರಕ್ಕೆ ಮುಗಿಯಿತು. 100 ಡೆಸಿಬೆಲ್ ಆದರೆ 20 ನಿಮಿಷ ಮಾತ್ರ. ಅಂದರೆ ಶಿವಮೊಗ್ಗ ಬಿಟ್ಟವರು ಭದ್ರಾವತಿ ತಲುಪುವ ಮೊದಲೇ ಇಡೀ ವಾರದ ಪಾಲನ್ನು ಖರ್ಚು ಮಾಡಿರುತ್ತಾರೆ.

ಕಬ್ಬಿಣದ ಊರಾದ ಭದ್ರಾವತಿಯ ಓದುಗರಿಗೆ ಇದು ಹೊಸ ವಿಷಯವಲ್ಲ. ಉಕ್ಕಿನ ಕೆಲಸದಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ಮಂದವಾಗುವುದು ಜಗತ್ತಿನ ಎಲ್ಲೆಡೆ ಕಂಡುಬಂದಿರುವ ತೊಂದರೆ. ಅವರು ಹೊಟ್ಟೆಪಾಡಿಗಾಗಿ ಸಹಿಸಿದ ಸದ್ದನ್ನು ನಾವು ಹಣ ಕೊಟ್ಟು ಕಾರಿನೊಳಗೆ ತುಂಬಿಕೊಳ್ಳುವುದೇಕೆ?

ಹೀಗೆ ಬರುವ ಕಿವುಡು ಸದ್ದಿಲ್ಲದೆ ಬರುತ್ತದೆ. ಮೊದಲು ಹೋಗುವುದು ಎತ್ತರದ ಸ್ವರಗಳು. ಸ, ಶ, ತ ಮುಂತಾದ ಅಕ್ಷರಗಳು ಮಸುಕಾಗುತ್ತವೆ. "ಮಾತು ಕೇಳಿಸುತ್ತದೆ ಡಾಕ್ಟ್ರೇ, ಆದರೆ ಏನು ಹೇಳಿದರೆಂದು ತಿಳಿಯುವುದಿಲ್ಲ" ಎಂದು ಹೇಳುವವರು ಬಹುಪಾಲು ಇಂಥವರೇ. ಕಾರಿನಿಂದ ಇಳಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದರೆ ಅದು ಮೊದಲ ಎಚ್ಚರಿಕೆ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಬೆಳಿಗ್ಗೆ ಕಾರು ಚಾಲೂ ಮಾಡಿದ ಕೂಡಲೇ ಹಾಡು ಅಬ್ಬರಿಸಿ ನೀವು ಬೆಚ್ಚಿಬೀಳುತ್ತೀರಾ? ಹಾಗಾದರೆ ನಿನ್ನೆ ಸಂಜೆ ನೀವು ಕೇಳಿದ್ದು ಅಷ್ಟೇ ಸದ್ದನ್ನು. ಟೈರು, ಗಾಳಿ, ಎಂಜಿನ್ನಿನ ಗದ್ದಲವನ್ನು ಮೀರಿಸಲು ಸ್ವಲ್ಪ ಸ್ವಲ್ಪವೇ ಏರಿಸಿದ್ದು ನಿಮ್ಮ ಗಮನಕ್ಕೆ ಬಂದಿರುವುದಿಲ್ಲ.

ಹಿಂದಿನ ಸೀಟಿನ ಮಗು

ಮಕ್ಕಳಿಗೆ ಮಿತಿ ಇನ್ನೂ ಕಡಿಮೆ, 75 ಡೆಸಿಬೆಲ್. ಆದರೆ ನಾವು ಮಕ್ಕಳನ್ನು ಕೂರಿಸುವುದು ಹಿಂದಿನ ಸೀಟಿನಲ್ಲಿ. ಹಲವು ಕಾರುಗಳಲ್ಲಿ ಸ್ಪೀಕರುಗಳು ಇರುವುದೂ ಅಲ್ಲೇ, ಮಗುವಿನ ತಲೆಯ ಹಿಂದೆ ಇಲ್ಲವೇ ಬಾಗಿಲಿನಲ್ಲಿ. ಮುಂದೆ ಕುಳಿತ ಅಪ್ಪನಿಗೆ ಹಿತವಾದ ಸದ್ದು ಹಿಂದೆ ಮಲಗಿದ ಕೂಸಿಗೆ ಅತಿಯಾಗಿರಬಹುದು. ಕೂಸು ಅತ್ತರೆ ಹಸಿವು ಎನ್ನುತ್ತೇವೆ, ಸೆಖೆ ಎನ್ನುತ್ತೇವೆ. ಮೊದಲು ಸದ್ದು ತಗ್ಗಿಸಿ ನೋಡಿ.

ಹೊರಗಿನ ಸದ್ದೂ ಕೇಳಬೇಕು

ಭದ್ರಾವತಿ ಕಡೆಯ ರೋಗಿಗಳನ್ನು ಮೆಗ್ಗಾನ್ ಆಸ್ಪತ್ರೆಗೆ ತರುವ ಆಂಬುಲೆನ್ಸುಗಳು ಬರುವುದೂ ಇದೇ ದಾರಿಯಲ್ಲಿ. ಗಾಜು ಏರಿಸಿ, ಹಾಡು ಜೋರು ಮಾಡಿದವರಿಗೆ ಹಿಂದಿನ ಸೈರನ್ ಕೇಳುವುದು ತಡವಾಗುತ್ತದೆ. ಹೃದಯಾಘಾತವಾದವರಿಗೆ, ಹೆರಿಗೆಯ ರಕ್ತಸ್ರಾವವಾದವರಿಗೆ ಒಂದೊಂದು ನಿಮಿಷವೂ ಮುಖ್ಯ. ಆ ಗಾಡಿಯಲ್ಲಿ ನಮ್ಮವರೇ ಇರಬಹುದು.

ಇನ್ನೊಂದು ತಪ್ಪು ತಿಳಿವಳಿಕೆ, ಜೋರು ಹಾಡು ನಿದ್ದೆ ಓಡಿಸುತ್ತದೆ ಎಂಬುದು. ರಾತ್ರಿ ಬೆಂಗಳೂರಿನಿಂದ ಬರುವಾಗ ತರೀಕೆರೆಯ ಹೊತ್ತಿಗೆ ಕಣ್ಣು ಎಳೆದರೆ ಹಾಡು ನಿಮ್ಮನ್ನು ಕಾಯುವುದಿಲ್ಲ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು, 15-20 ನಿಮಿಷ ಕಣ್ಣು ಮುಚ್ಚಿ. ಆಮೇಲೆ ಹೊರಡಿ.

ಏನು ಮಾಡಬೇಕು?

1. ಇಡೀ ಸಂಗ್ರಹ ಮನೆಯ ಕಂಪ್ಯೂಟರಿನಲ್ಲಿರಲಿ, ಅದಕ್ಕೊಂದು ಪ್ರತಿಯೂ ಇರಲಿ. ಕಾರಿನ ಪೆನ್‌ಡ್ರೈವ್‌ಗೆ ವಾರಕ್ಕೆ ಬೇಕಾದಷ್ಟೇ ಹಾಡು ಸಾಕು. ಭಾನುವಾರ ಮನೆಮಂದಿಯೆಲ್ಲ ಸೇರಿ ಆಯ್ಕೆ ಮಾಡಿ. ಅಜ್ಜಿಗೆ ದೇವರನಾಮ, ಅಪ್ಪನಿಗೆ ಶಿವಮೊಗ್ಗ ಸುಬ್ಬಣ್ಣನವರ ಭಾವಗೀತೆ, ಮಕ್ಕಳಿಗೆ ಹೊಸ ಚಿತ್ರಗೀತೆ.

2. ಒಂದೊಂದು ಪ್ರಯಾಣಕ್ಕೆ ಏಳೆಂಟು ಹಾಡಿನ ಒಂದೊಂದು ಫೋಲ್ಡರ್ ಮಾಡಿ. ಫೋಲ್ಡರಿಗೂ ಹಾಡಿಗೂ 01, 02 ಎಂದು ಅಂಕಿಯಿಂದ ಹೆಸರು ಆರಂಭಿಸಿದರೆ ಸಾಮಾನ್ಯವಾಗಿ ಅದೇ ಕ್ರಮದಲ್ಲಿ ಬರುತ್ತವೆ. ಪೆನ್‌ಡ್ರೈವ್ ಅನ್ನು ಸೆಟ್ ಗುರುತಿಸದಿದ್ದರೆ ಅದು ಫ್ಯಾಟ್-32 ನಮೂನೆಯಲ್ಲಿ ಇದೆಯೇ ನೋಡಿ.

3. ಗಾಡಿ ಚಲಿಸುವ ಮೊದಲೇ ಹಾಡು ಶುರುವಾಗಿರಲಿ. ದಾರಿಯಲ್ಲಿ ಬದಲಿಸಲೇಬೇಕೆಂದರೆ ಪಕ್ಕದಲ್ಲಿ ಕೂತವರು ಬದಲಿಸಲಿ. ಒಬ್ಬರೇ ಇದ್ದರೆ ಬದಿಗೆ ನಿಲ್ಲಿಸಿ. ಇಷ್ಟವಿಲ್ಲದ ಒಂದು ಹಾಡು ನಾಲ್ಕು ನಿಮಿಷದಲ್ಲಿ ತಾನೇ ಮುಗಿಯುತ್ತದೆ.

4. ಹಿಂದೆ ಕೂತವರು ಸಹಜ ದನಿಯಲ್ಲಿ ಆಡಿದ ಮಾತು ಮುಂದಿನವರಿಗೆ ಕೇಳಬೇಕು. ಸದ್ದಿನ ಮಿತಿಗೆ ಇದಕ್ಕಿಂತ ಸುಲಭ ಅಳತೆ ಇಲ್ಲ.

5. ಮಗು ಹಿಂದೆ ಇರುವಾಗ ಹಿಂದಿನ ಸ್ಪೀಕರಿನ ಸದ್ದು ತಗ್ಗಿಸಿ. ಇಳಿಯುವ ಮೊದಲು ಒಟ್ಟು ಸದ್ದನ್ನೂ ತಗ್ಗಿಸಿ.

6. ಕಿವಿಯ ಗುಂಯ್ ಸದ್ದು ಒಂದು ದಿನ ಕಳೆದರೂ ನಿಲ್ಲದಿದ್ದರೆ, ಅಥವಾ ಟಿ.ವಿ. ಸದ್ದನ್ನು ನೀವೊಬ್ಬರೇ ಏರಿಸುತ್ತಿದ್ದರೆ, ಕಿವಿ-ಮೂಗು-ಗಂಟಲು ತಜ್ಞರನ್ನು ಕಂಡು ಆಡಿಯೋಮೆಟ್ರಿ ಪರೀಕ್ಷೆ ಮಾಡಿಸಿಕೊಳ್ಳಿ. ನೋವಿಲ್ಲದ ಪರೀಕ್ಷೆ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಮಾತ್ರ ಕಾಯಬೇಡಿ, ಅಂದೇ ವೈದ್ಯರಲ್ಲಿಗೆ ಹೋಗಿ.

ಎಂಟು ಸಾವಿರ ಹಾಡುಗಳನ್ನು ಕೂಡಿಸಲು ನಿಮಗೆ ಹಲವು ವರ್ಷ ಬೇಕಾಗಿರಬಹುದು. ಅವನ್ನು ಕೇಳಲು ಇನ್ನೂ ಹಲವು ವರ್ಷ ಬೇಕು. ಅಲ್ಲಿಯವರೆಗೆ ಕಿವಿ ಚೆನ್ನಾಗಿರಲಿ, ದಾರಿಯಲ್ಲಿ ಕಣ್ಣು ರಸ್ತೆಯ ಮೇಲಿರಲಿ.